ಮೀನು ಮಂಕಾದಾಗ: ನೀರು ಬದಲಿಸಬೇಕಾ, ಉಪ್ಪು ಹಾಕಬೇಕಾ, ಔಷಧಿಗೆ ಕೈ ಹಾಕಬೇಕಾ?

ಬೆಳಿಗ್ಗೆ ಟ್ಯಾಂಕಿನ ಲೈಟ್ ಹಾಕುತ್ತೀರಿ. ಮೀನುಗಳೆಲ್ಲ ಗಾಜಿನ ಹತ್ತಿರ ಓಡಿ ಬರುತ್ತವೆ. ಒಂದು ಮಾತ್ರ ಹೀಟರ್ ಹಿಂದಿನ ಮೂಲೆ ಬಿಟ್ಟು ಅಲ್ಲಾಡುವುದಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ನಿಂತಿದೆ. ಆಹಾರ ಹಾಕಿದರೂ ತಿರುಗಿ ನೋಡುವುದಿಲ್ಲ. ನಿನ್ನೆ ಚೆನ್ನಾಗಿಯೇ ಇತ್ತಲ್ಲ ಅಂತ ಎದೆ ಧಸಕ್ಕೆನ್ನುತ್ತದೆ.

ಮೀನು ಸಾಕುವವರನ್ನು ಕೇಳಿದರೆ ಒಬ್ಬರು ಉಪ್ಪು ಹಾಕಿ ಅನ್ನುತ್ತಾರೆ. ಇನ್ನೊಬ್ಬರು ನೀರಿನ ಬಿಸಿ ಜಾಸ್ತಿ ಮಾಡಿ ಅನ್ನುತ್ತಾರೆ. ಮತ್ತೊಬ್ಬರು ಯಾವುದೋ ಬಾಟಲಿಯ ಹೆಸರು ಹೇಳುತ್ತಾರೆ. ಬೇರೆ ಟ್ಯಾಂಕಿಗೆ ಹಾಕಿ ಅನ್ನುವವರೂ ಇದ್ದಾರೆ, ಸುಮ್ನೆ ಬಿಟ್ಟುಬಿಡಿ, ತಾನೇ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಈ ಐದೂ ಸಲಹೆಗಳು ಒಂದೊಂದು ಸಂದರ್ಭಕ್ಕೆ ಸರಿಯೇ. ಸಂದರ್ಭ ತಪ್ಪಿದರೆ ಇದೇ ಐದೂ ಮೀನನ್ನು ಕೊಲ್ಲಬಲ್ಲವು.

ಮೊದಲು ಒಂದು ಮಾತು ತಲೆಯಲ್ಲಿರಲಿ. ನಾವು ಔಷಧಿ ಕೊಡುವುದು ಮೀನಿಗಲ್ಲ, ನೀರಿಗೆ. ಅದೇ ನೀರಿನಲ್ಲಿ ಆರೋಗ್ಯವಾಗಿರುವ ಮೀನುಗಳಿವೆ, ಗಿಡಗಳಿವೆ, ಬಸವನಹುಳುಗಳಿವೆ. ಫಿಲ್ಟರಿನ ಸ್ಪಾಂಜಿನಲ್ಲಿ ಮೀನಿನ ಕಸವನ್ನು ಕರಗಿಸುವ ಬ್ಯಾಕ್ಟೀರಿಯಾಗಳಿವೆ. ಹಾಕಿದ್ದು ಇವರೆಲ್ಲರಿಗೂ ಹೋಗುತ್ತದೆ. ಒಂದು ಮೀನಿಗೆ ಏನು ಒಳ್ಳೆಯದು ಅಂತ ಮಾತ್ರ ಯೋಚಿಸಿದರೆ ಸಾಲದು. ಆ ನೀರಿನಲ್ಲಿ ಮತ್ತೆ ಯಾರಿದ್ದಾರೆ ಅಂತಲೂ ನೋಡಬೇಕು.

ಯಾವ ಅಳತೆಗೋಲಿನಿಂದ ನೋಡಬೇಕು

ನಾನು ಮೊದಲು ಕೇಳಿಕೊಳ್ಳುವುದು, ಎಷ್ಟು ಮೀನಿಗೆ ತೊಂದರೆ, ಎಷ್ಟು ಬೇಗ ಬಂತು ಅಂತ. ಒಂದೇ ಬೆಳಿಗ್ಗೆ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹೆಚ್ಚಿನ ಪಾಲು ನೀರಿನ ತೊಂದರೆ. ರೋಗ ಹಾಗೆ ಬರುವುದು ಕಡಿಮೆ. ಮೊದಲು ಒಂದಕ್ಕೆ ಹಿಡಿದು, ಆಮೇಲೆ ಎರಡಕ್ಕೆ, ನಾಲ್ಕಕ್ಕೆ ಹರಡುತ್ತದೆ.

ಎರಡನೆಯದು, ನನ್ನ ಊಹೆ ತಪ್ಪಾಗಿದ್ದರೆ ಎಷ್ಟು ನಷ್ಟ ಅನ್ನುವುದು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಅಳತೆ. ಸೂಕ್ಷ್ಮದರ್ಶಕ ಇಲ್ಲದೆ ಮನೆಯಲ್ಲಿ ಕೂತು ನಾವು ಮಾಡುವುದೆಲ್ಲ ಊಹೆಯೇ ಅಲ್ವಾ? ನೀರು ಬದಲಿಸಿದ್ದು ತಪ್ಪಾದರೂ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ಬಿಸಿ ಏರಿಸಿದ್ದು ತಪ್ಪಾದರೆ ಒಂದೇ ದಿನದಲ್ಲಿ ಅನಾಹುತವಾಗಬಹುದು. ತಾಮ್ರದ ಔಷಧಿ ಹಾಕಿದ್ದು ತಪ್ಪಾದರೆ ಸತ್ತ ಸಿಗಡಿಗಳು ವಾಪಸ್ ಬರುವುದಿಲ್ಲ.

ಆಮೇಲೆ ಟ್ಯಾಂಕಿನಲ್ಲಿ ಯಾರಿದ್ದಾರೆ, ನಿಮ್ಮ ಹತ್ತಿರ ಏನೇನಿದೆ ಅನ್ನುವುದು. ಇನ್ನೊಂದು ಟ್ಯಾಂಕ್ ಇದೆಯಾ, ಥರ್ಮಾಮೀಟರ್ ಇದೆಯಾ, ದಿನಕ್ಕೆ ಅರ್ಧ ಗಂಟೆ ಬಿಡುವಿದೆಯಾ. ಎರಡು ವಾರ ದಿನಾ ನೀರು ಬದಲಿಸುವ ಚಿಕಿತ್ಸೆಯನ್ನು ಮೂರನೇ ದಿನಕ್ಕೆ ಬಿಟ್ಟುಬಿಟ್ಟರೆ ಶುರು ಮಾಡದಿದ್ದುದಕ್ಕಿಂತ ಕಷ್ಟ.

ಆರಿಸುವ ಮುಂಚೆ ಸರಿಯಾಗಿ ನೋಡಿ

ಒಂದು ಸಣ್ಣ ಟಾರ್ಚ್ ತನ್ನಿ. ಕೋಣೆ ಕತ್ತಲು ಮಾಡಿ ಟ್ಯಾಂಕಿನ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಹಗಲಲ್ಲಿ ಕಾಣದ್ದು ಹಾಗೆ ಕಾಣುತ್ತದೆ. ಮೀನಿನ ಮೈಮೇಲೆ ಅರಿಶಿನದ ಪುಡಿ ಉದುರಿಸಿದ ಹಾಗೆ ಮಿನುಗಿದರೆ ಅದು ವೆಲ್ವೆಟ್ ರೋಗ. ಉಪ್ಪಿನ ಹರಳಿನಷ್ಟು ದಪ್ಪದ, ಒಂದೊಂದೂ ಬೇರೆ ಬೇರೆಯಾಗಿ ಎಣಿಸಬಹುದಾದ ಬಿಳಿ ಚುಕ್ಕೆಗಳಾದರೆ ಅದು ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಚುಕ್ಕೆ ಕಾಣುವ ಮುಂಚೆಯೇ ಮೀನು ಕಲ್ಲಿಗೆ, ಗಿಡಕ್ಕೆ ಮೈ ಉಜ್ಜಲು ಶುರು ಮಾಡಿರುತ್ತದೆ.

ಇಲ್ಲಿ ಒಂದು ಎಚ್ಚರ. ಗಂಡು ಗೋಲ್ಡ್ ಫಿಶ್ ಬೆದೆಗೆ ಬಂದಾಗ ಕಿವಿರಿನ ಮುಚ್ಚಳದ ಮೇಲೆ, ಎದೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಿಳಿ ಚುಕ್ಕೆಗಳು ಸಾಲಾಗಿ ಮೂಡುತ್ತವೆ. ಅದು ರೋಗವಲ್ಲ. ಆದರೆ ಅದನ್ನೇ ಇಕ್ ಅಂದುಕೊಂಡು ಔಷಧಿ ಸುರಿಯುವವರು ಬಹಳ. ವ್ಯತ್ಯಾಸ ಸುಲಭ. ಇಕ್ ಚುಕ್ಕೆ ಬಾಲದ ಮೇಲೆ, ಹೊಟ್ಟೆಯ ಮೇಲೆ, ಎಲ್ಲೆಂದರಲ್ಲಿ ಇರುತ್ತದೆ, ದಿನದಿಂದ ದಿನಕ್ಕೆ ಜಾಗ ಬದಲಿಸುತ್ತದೆ. ಬೆದೆಯ ಚುಕ್ಕೆ ಅದೇ ಎರಡು ಜಾಗ ಬಿಟ್ಟು ಕದಲುವುದಿಲ್ಲ, ಮೀನೂ ಹುರುಪಾಗಿರುತ್ತದೆ.

ಬಿಳಿ ಹತ್ತಿಯಂತೆ ಕಂಡಿದ್ದೆಲ್ಲ ಬೂಷ್ಟು ಅಲ್ಲ. ಬೂಷ್ಟು ನಿಜವಾಗಿಯೂ ಹತ್ತಿಯಂತೆ ಉಬ್ಬಿ ನೀರಿನಲ್ಲಿ ಅಲ್ಲಾಡುತ್ತದೆ. ಸಾಮಾನ್ಯವಾಗಿ ಮೊದಲೇ ಗಾಯವಾಗಿದ್ದ ಜಾಗದಲ್ಲಿ ಬರುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಕೊಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಬೇರೆ. ತುಟಿಯ ಸುತ್ತ ಬಿಳಿ ಅಂಚು, ಇಲ್ಲವೇ ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದ ಹಾಗೆ ಬೂದು ಬಿಳಿ ಪಟ್ಟೆ. ಅದು ಉಬ್ಬುವುದಕ್ಕಿಂತ ಮೈಗೆ ಹತ್ತಿಕೊಂಡಂತೆ ಇರುತ್ತದೆ, ಒಂದೆರಡು ದಿನದಲ್ಲೇ ಹರಡಬಲ್ಲದು.

ಈ ವ್ಯತ್ಯಾಸ ನಾನು ಕಷ್ಟಪಟ್ಟೇ ಕಲಿತಿದ್ದು. ನನ್ನ ಕಪ್ಪು ಮೋಲಿಯೊಂದರ ಬೆನ್ನಿನ ಮೇಲೆ ಬಿಳಿ ಪಟ್ಟೆ ಕಂಡಿತ್ತು. ಬಿಸಿ ಏರಿಸಿದರೆ ಯಾವ ರೋಗವಾದರೂ ಹೋಗುತ್ತದೆ ಅಂತ ನಂಬಿದ್ದ ಕಾಲ ಅದು. 30 ಡಿಗ್ರಿಗೆ ಏರಿಸಿ ಮಲಗಿದೆ. ಕೊಲಮ್ನಾರಿಸ್‌ಗೆ ಬಿಸಿ ಅಂದರೆ ಹಬ್ಬ ಅಂತ ಗೊತ್ತಿರಲಿಲ್ಲ. ಮಾರನೇ ಸಂಜೆಯ ಹೊತ್ತಿಗೆ ಆ ಮೋಲಿ ಜೊತೆಗೆ ಇನ್ನೆರಡು ಹೋಗಿದ್ದವು. ಆ ಮೂರು ಮೀನು ಇನ್ನೂ ನನ್ನ ಮನಸ್ಸಿನಲ್ಲಿವೆ. ಅದಕ್ಕೇ ಊಹೆ ತಪ್ಪಾದರೆ ಎಷ್ಟು ನಷ್ಟ ಅನ್ನುವ ಪ್ರಶ್ನೆಯನ್ನು ಅಷ್ಟು ಮೇಲೆ ಇಟ್ಟಿದ್ದೇನೆ.

ಉಳಿದ ಕೆಲವು ಗುರುತುಗಳು ಬೇಗ ತಿಳಿಯುತ್ತವೆ. ಮೇಲಿಂದ ನೋಡಿದಾಗ ಹುರುಪೆಗಳು ಎದ್ದು ನಿಂತು ಮೀನು ಊದಿದ್ದರೆ ಡ್ರಾಪ್ಸಿ. ಗಪ್ಪಿಯ ಹಿಂಬದಿಯಿಂದ ಕೆಂಪು ದಾರದ ತುದಿಗಳು ಇಣುಕುತ್ತಿದ್ದರೆ ಅದು ಕಮಲಾನಸ್ ಅನ್ನುವ ಜಂತುಹುಳು. ಒಂದು ಕಿವಿರು ಮುಚ್ಚಿಕೊಂಡು ಇನ್ನೊಂದರಲ್ಲೇ ಜೋರಾಗಿ ಉಸಿರಾಡುತ್ತಾ ಮೈ ಉಜ್ಜುತ್ತಿದ್ದರೆ ಕಿವಿರಿನ ಫ್ಲೂಕ್, ಅಂದರೆ ಕಿವಿರಿಗೆ ಅಂಟಿಕೊಳ್ಳುವ ಸಣ್ಣ ಹುಳು ಇರಬಹುದು. ರೆಕ್ಕೆಯ ಅಂಚು ಬಿಳಿಯಾಗಿ ಅಥವಾ ಕೆಂಪಾಗಿ, ದಿನಾ ಸ್ವಲ್ಪ ಸ್ವಲ್ಪ ಕರಗುತ್ತಿದ್ದರೆ ರೆಕ್ಕೆ ಕೊಳೆತ. ಅದೇ ರೆಕ್ಕೆ ಹರಿದ ಬಟ್ಟೆಯಂತೆ ಸೀಳಿದ್ದು, ಅಂಚಿನ ಬಣ್ಣ ಸರಿಯಾಗಿದ್ದರೆ ಬೇರೆ ಮೀನು ಕಚ್ಚಿದ್ದು. ಅದಕ್ಕೆ ಬೇಕಾದ್ದು ಬಾಟಲಿಯಲ್ಲ, ಕಚ್ಚುವ ಮೀನನ್ನು ಬೇರೆ ಮಾಡುವುದು.

ನೀರು ಬದಲಿಸುವುದು

ಏನೂ ತಿಳಿಯದಿದ್ದರೆ ಇದನ್ನು ಮಾಡಿ. ಖರ್ಚು ಕಡಿಮೆ, ತಪ್ಪಾದರೂ ಅಪಾಯ ಕಡಿಮೆ. ಮಂಕಾದ ಮೀನುಗಳಲ್ಲಿ ಬಹಳಷ್ಟಕ್ಕೆ ಇಷ್ಟೇ ಸಾಕಾಗುತ್ತದೆ.

ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ 0 ಇರಬೇಕು. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆ ಊರಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಹಳೆಯ ಟ್ಯಾಂಕಿನಲ್ಲೂ ಫಿಲ್ಟರ್ ಸ್ಪಾಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದರೆ ಅವು ಸಾಯುತ್ತವೆ. ಎರಡು ದಿನ ಬಿಟ್ಟು ಮೀನುಗಳು ಮಂಕಾಗುತ್ತವೆ. ನಾವು ಕಾಯಿಲೆ ಅಂದುಕೊಳ್ಳುತ್ತೇವೆ, ಆದರೆ ಕಾರಣ ನಾವು ಶ್ರದ್ಧೆಯಿಂದ ಮಾಡಿದ ಸ್ವಚ್ಛತೆ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ಅರ್ಧ ನೀರು ಬದಲಿಸಿದರೆ ವಿಷ ಅರ್ಧವಾಗುತ್ತದೆ. ಇನ್ನೊಮ್ಮೆ ಅರ್ಧ ಬದಲಿಸಿದರೆ ಕಾಲು ಭಾಗ ಉಳಿಯುತ್ತದೆ. ಹೊಸ ನೀರಿನ ಬಿಸಿ ಹಳೆಯದಕ್ಕೆ ಹೊಂದಬೇಕು. ಕ್ಲೋರಿನ್ ತೆಗೆಯುವ ದ್ರಾವಣ ಹಾಕಿರಬೇಕು. ಕ್ಲೋರಿನ್ ಮಾತ್ರ ಇದ್ದರೆ ಬಕೆಟ್ಟಿನಲ್ಲಿ ಇಟ್ಟು ಗಾಳಿಯಾಡಿಸಿದರೂ ಹೋಗುತ್ತದೆ. ಕ್ಲೋರಮೀನ್, ಅಂದರೆ ಕ್ಲೋರಿನ್ ಅಮೋನಿಯಾ ಸೇರಿದ್ದು, ಹಾಕಿದ ನೀರಾದರೆ ಹಾಗೆ ಹೋಗುವುದಿಲ್ಲ.

ಆದರೆ ಒಂದು ಜಾಗದಲ್ಲಿ ಇದೂ ಎಡವುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) ಇಳಿದಿರುತ್ತದೆ. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಅಷ್ಟಾಗಿ ಹಾನಿ ಮಾಡದ ರೂಪದಲ್ಲಿ ಇರುತ್ತದೆ. ಒಮ್ಮೆಲೇ ಅರ್ಧ ಹೊಸ ನೀರು ಸುರಿದರೆ ಪಿಎಚ್ ಏರಿ, ಅದೇ ಅಮೋನಿಯಾ ವಿಷವಾಗುತ್ತದೆ. ಅಂಥ ಟ್ಯಾಂಕಿಗೆ ದಿನಕ್ಕೆ ಹತ್ತರಲ್ಲಿ ಒಂದು ಭಾಗದಂತೆ ಒಂದೆರಡು ವಾರ ನಿಧಾನಕ್ಕೆ ಬದಲಿಸುವುದೇ ಲೇಸು.

ಪರಾವಲಂಬಿ ಜೀವಿಗಳನ್ನು ನೀರು ಬದಲಾವಣೆಯೊಂದೇ ಓಡಿಸುವುದಿಲ್ಲ. ಇಕ್, ವೆಲ್ವೆಟ್, ಹುಳುಗಳಿಗೆ ಮುಂದಿನ ಹೆಜ್ಜೆ ಬೇಕೇ ಬೇಕು.

ಉಪ್ಪು

ಉಪ್ಪು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಅದಕ್ಕೇ ಅದರ ಬಗ್ಗೆ ಅತಿಯಾದ ನಂಬಿಕೆಯೂ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ತಾನಾಗಿ ತಿಳಿಯುತ್ತದೆ.

ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಉಪ್ಪು ಜಾಸ್ತಿ. ಹಾಗಾಗಿ ಹೊರಗಿನ ನೀರು ಕಿವಿರಿನ ಮೂಲಕ ಸದಾ ಒಳಗೆ ನುಗ್ಗುತ್ತಲೇ ಇರುತ್ತದೆ. ಅದನ್ನು ಹೊರಹಾಕಲು ಮೂತ್ರಪಿಂಡ ಬಿಡುವಿಲ್ಲದೆ ದುಡಿಯುತ್ತದೆ. ಚರ್ಮಕ್ಕೆ ಗಾಯವಾದಾಗ, ಕಿವಿರು ಸುಟ್ಟಾಗ ಈ ಭಾರ ಇನ್ನೂ ಹೆಚ್ಚುತ್ತದೆ. ನೀರಿಗೆ ಲೀಟರಿಗೆ 1ರಿಂದ 3 ಗ್ರಾಂ ಉಪ್ಪು ಸೇರಿಸಿದರೆ ಆ ಭಾರ ಸ್ವಲ್ಪ ಇಳಿಯುತ್ತದೆ. ನೈಟ್ರೈಟ್ ವಿಷಕ್ಕೆ ಉಪ್ಪು ನೇರವಾಗಿ ತಡೆ ಒಡ್ಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟ್‌ಗೆ ಜಾಗ ಬಿಡುವುದಿಲ್ಲ. ಅಲ್ಲಿಗೆ ಲೀಟರಿಗೆ 1 ಗ್ರಾಂ ಕೂಡ ದೊಡ್ಡ ಸಹಾಯ.

ಚಮಚದಲ್ಲಿ ಅಳೆಯಬೇಡಿ, ತೂಕ ಹಾಕಿ. ಕಲ್ಲುಪ್ಪಿನ ಒಂದು ಚಮಚ, ಪುಡಿಯುಪ್ಪಿನ ಒಂದು ಚಮಚ ಒಂದೇ ತೂಕ ಬರುವುದಿಲ್ಲ. 40 ಲೀಟರ್ ನೀರಿಗೆ ಲೀಟರಿಗೆ 2 ಗ್ರಾಂ ಅಂದರೆ 80 ಗ್ರಾಂ. ಒಮ್ಮೆಲೇ ಬೇಡ. ಮಗ್ಗಿನಲ್ಲಿ ಕರಗಿಸಿ ಒಂದೆರಡು ದಿನದಲ್ಲಿ ಮೂರು ಸಲ ಹಾಕಿ. ಆಮೇಲೆ 10 ಲೀಟರ್ ಬದಲಿಸಿದರೆ ಆ 10 ಲೀಟರಿಗೆ ಮಾತ್ರ 20 ಗ್ರಾಂ. ನೀರು ಆವಿಯಾಗಿ ಕಡಿಮೆಯಾದಾಗ ಬರೀ ನೀರು ತುಂಬಿ. ಉಪ್ಪು ಆವಿಯಾಗುವುದಿಲ್ಲ, ಅದು ಅಲ್ಲೇ ಇರುತ್ತದೆ. ಪ್ರತಿ ಸಲವೂ ಉಪ್ಪುನೀರು ತುಂಬಿ ಗೊತ್ತಿಲ್ಲದೇ ಅಳತೆ ದುಪ್ಪಟ್ಟು ಮಾಡಿಕೊಂಡವರಿದ್ದಾರೆ.

ಗಪ್ಪಿ, ಮೋಲಿ, ಗೋಲ್ಡ್ ಫಿಶ್ ಉಪ್ಪನ್ನು ಚೆನ್ನಾಗಿ ತಾಳುತ್ತವೆ. ಮೆದು ನೀರಿನಿಂದ, ಅಂದರೆ ಖನಿಜ ಕಡಿಮೆ ಇರುವ ನೀರಿನಿಂದ ಬಂದ ಟೆಟ್ರಾಗಳು, ಕೋರಿಡೋರಸ್, ಲೋಚ್‌ಗಳ ವಿಷಯದಲ್ಲಿ 1 ಗ್ರಾಂ ದಾಟುವ ಮುಂಚೆ ಯೋಚಿಸಿ. ಗಿಡಗಳಿಗಂತೂ ಉಪ್ಪು ಆಗುವುದಿಲ್ಲ. ಗಿಡ ತುಂಬಿದ ಟ್ಯಾಂಕಾದರೆ ಉಪ್ಪಿನ ಚಿಕಿತ್ಸೆ ಬೇರೆ ಪಾತ್ರೆಯಲ್ಲಿ ನಡೆಯಲಿ.

ಯಾವ ರೋಗವೂ ಇಲ್ಲದೆ ಸದಾ ಸ್ವಲ್ಪ ಉಪ್ಪು ಇರಲಿ ಅನ್ನುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ.

ಬಿಸಿ ಏರಿಸುವುದು

ಇದನ್ನು ಇಕ್ ಒಂದಕ್ಕೇ ಮೀಸಲಿಡಿ. ಇಕ್ ಜೀವಿ ಮೀನಿನ ಚರ್ಮದ ಒಳಗೆ ಕೂತು ತಿಂದು ದೊಡ್ಡದಾಗುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಅಲ್ಲಿ ಅದಕ್ಕೆ ಯಾವ ಔಷಧಿಯೂ ತಗಲುವುದಿಲ್ಲ. ಆಮೇಲೆ ಉದುರಿ, ತಳದಲ್ಲಿ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಹೊಸ ಮೀನನ್ನು ಹುಡುಕಿ ಈಜುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಹೀಗೆ ಈಜುತ್ತಿರುವ ಮರಿಗಳನ್ನು ಮಾತ್ರ.

25 ಡಿಗ್ರಿಯಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಬಿಸಿ ಏರಿಸಿದರೆ ಸುತ್ತು ವೇಗವಾಗಿ, ಅವು ಬೇಗ ಹೊರಗೆ ಬಂದು ಸಿಕ್ಕಿಬೀಳುತ್ತವೆ. 30 ಡಿಗ್ರಿ ದಾಟಿದರೆ ಬಹಳಷ್ಟು ಇಕ್ ತಳಿಗಳು ಮರಿ ಮಾಡುವುದನ್ನೇ ನಿಲ್ಲಿಸುತ್ತವೆ. ಎಲ್ಲ ತಳಿಗಳೂ ಅಲ್ಲ, ಬಿಸಿ ತಾಳುವವೂ ಇವೆ. ನಾಲ್ಕೈದು ದಿನದಲ್ಲಿ ಚುಕ್ಕೆ ಕಡಿಮೆಯಾಗದಿದ್ದರೆ ಬರೀ ಬಿಸಿಯನ್ನು ನಂಬಿ ಕೂರಬೇಡಿ.

ಇದರ ಬೆಲೆ ಉಸಿರು. ಗಾಳಿಯಿಂದ ಪೂರ್ತಿ ತುಂಬಿದ ನೀರಿನಲ್ಲಿ 25 ಡಿಗ್ರಿಗೆ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಇದ್ದರೆ, 30 ಡಿಗ್ರಿಗೆ ಸುಮಾರು 7.6 ಮಾತ್ರ. ಬಿಸಿಯಲ್ಲಿ ಮೀನಿಗೆ ಉಸಿರು ಬೇಕಾಗುವುದೂ ಜಾಸ್ತಿ. ಇಕ್ ಮೊದಲು ಕೆಡಿಸುವುದೇ ಕಿವಿರನ್ನು. ಏರ್ ಪಂಪ್ ಇಲ್ಲದೆ ಬಿಸಿ ಏರಿಸಬೇಡಿ. ಒಂದೆರಡು ಗಂಟೆಗೆ ಒಂದು ಡಿಗ್ರಿಯಂತೆ ಏರಿಸಿ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಹಾಗೇ ಇಡಿ. ಗೋಲ್ಡ್ ಫಿಶ್‌ನಂಥ ತಂಪು ನೀರಿನ ಮೀನಿಗೆ ಇದು ಹಿಂಸೆ, ಅವಕ್ಕೆ ಉಪ್ಪು ಅಥವಾ ಔಷಧಿಯೇ ವಾಸಿ. ಬಿಳಿ ಪಟ್ಟೆ, ಬಿಳಿ ತುಟಿ ಕಂಡರೆ ಹೀಟರನ್ನು ಮುಟ್ಟಬೇಡಿ.

ಬಾಟಲಿಯ ಔಷಧಿಗಳು

ಹೆಸರು ನೂರು ಇರಬಹುದು, ಒಳಗಿರುವ ಮದ್ದು ಕೆಲವೇ. ಲೇಬಲ್ಲಿನ ಚಿತ್ರ ನೋಡದೆ ಒಳಗೇನಿದೆ ಅಂತ ಓದಿ. ಎಲ್ಲ ರೋಗಕ್ಕೂ ಒಂದೇ ಮದ್ದು ಅಂತ ಬರೆದಿದ್ದರೆ ನಾನು ಅದನ್ನು ವಾಪಸ್ ಇಟ್ಟುಬಿಡುತ್ತೇನೆ.

ಇಕ್‌ಗೆ ಸಾಮಾನ್ಯವಾಗಿ ಮ್ಯಾಲಕೈಟ್ ಗ್ರೀನ್, ಕೆಲವೊಮ್ಮೆ ಫಾರ್ಮಲಿನ್ ಜೊತೆಗೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹುರುಪೆ ಇಲ್ಲದ ಮೀನು, ಟೆಟ್ರಾಗಳಿಗೆ ಅರ್ಧ ಅಳತೆ ಅಂತ ಬಹಳ ಲೇಬಲ್ಲುಗಳಲ್ಲೇ ಇರುತ್ತದೆ. ನಮ್ಮ ಕೈಗೂ ಒಳ್ಳೆಯದಲ್ಲ, ಕೈಗವಸು ಹಾಕಿ. ಫಾರ್ಮಲಿನ್ ನೀರಿನ ಆಮ್ಲಜನಕ ಕಡಿಮೆ ಮಾಡುತ್ತದೆ, ಗಾಳಿ ಜೋರಾಗಿರಲಿ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಂಡರೆ ಆ ಫಾರ್ಮಲಿನ್ ಬಳಸಲೇಬೇಡಿ. ಎರಡು ಸಲ ಹಾಕಿದ ಮೇಲೆ ಚುಕ್ಕೆ ಮಾಯವಾಯಿತು ಅಂತ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಆಗ ಅವು ತಳದಲ್ಲಿ ಮರಿ ಮಾಡುತ್ತಿರುತ್ತವೆ.

ತಾಮ್ರ ವೆಲ್ವೆಟ್‌ಗೆ ಬಲವಾದ ಮದ್ದು. ಸಿಗಡಿ, ಬಸವನಹುಳುಗಳಿಗೆ ಅದು ಸಾವು. ಮೆದು ನೀರಿನಲ್ಲಿ ಮೀನಿಗೂ ಅಪಾಯ ಜಾಸ್ತಿ. ತಾಮ್ರ ಅಳೆಯುವ ಕಿಟ್ ಇಲ್ಲದೆ ಅದಕ್ಕೆ ಕೈ ಹಾಕುವುದು ಬೇಡ. ವೆಲ್ವೆಟ್ ಜೀವಿ ಗಿಡಗಳ ಹಾಗೆ ಬೆಳಕನ್ನೂ ಬಳಸಿಕೊಳ್ಳುತ್ತದೆ, ಆದ್ದರಿಂದ ಚಿಕಿತ್ಸೆಯ ಜೊತೆಗೆ ಟ್ಯಾಂಕಿಗೆ ಬಟ್ಟೆ ಮುಚ್ಚಿ ಕತ್ತಲು ಮಾಡಿದರೆ ಸಹಾಯವಾಗುತ್ತದೆ.

ಮೆಥಿಲೀನ್ ಬ್ಲೂ ಬೂಷ್ಟಿಗೆ, ಮೊಟ್ಟೆಗಳಿಗೆ ಒಳ್ಳೆಯದು. ಆದರೆ ಫಿಲ್ಟರಿನ ಬ್ಯಾಕ್ಟೀರಿಯಾ ಹಾಳು ಮಾಡುತ್ತದೆ, ಗಾಜಿನ ಸಿಲಿಕೋನ್ ಅಂಚು ಮತ್ತೆ ಬೆಳ್ಳಗಾಗದ ಹಾಗೆ ನೀಲಿಯಾಗುತ್ತದೆ. ಬೇರೆ ಪಾತ್ರೆಯಲ್ಲಿ ಮಾತ್ರ ಬಳಸಿ.

ಹುಳುಗಳಲ್ಲಿ ಗೊಂದಲ ಜಾಸ್ತಿ. ಪ್ರಾಜಿಕ್ವಾಂಟೆಲ್ ಫ್ಲೂಕ್‌ಗಳಿಗೆ, ಲಾಡಿಹುಳುಗಳಿಗೆ. ಕೆಂಪು ದಾರದ ಕಮಲಾನಸ್‌ಗೆ ಅದು ಕೆಲಸ ಮಾಡುವುದಿಲ್ಲ, ಅಲ್ಲಿ ಲೆವಾಮಿಸೋಲ್ ಅಥವಾ ಫೆನ್‌ಬೆಂಡಜೋಲ್ ಬೇಕು. ಕಿವಿರಿನ ಫ್ಲೂಕ್ ಮೊಟ್ಟೆ ಇಡುತ್ತದೆ, ಮೊಟ್ಟೆಗೆ ಮದ್ದು ತಗಲುವುದಿಲ್ಲ. ಅದಕ್ಕೇ ಕೆಲವು ದಿನ ಬಿಟ್ಟು ಮತ್ತೆ ಕೊಡಬೇಕು.

ಆಂಟಿಬಯೋಟಿಕ್ ಬಗ್ಗೆ ನನ್ನ ನಿಲುವು ಗಟ್ಟಿ. ಕೊಲಮ್ನಾರಿಸ್, ಮಿತಿಮೀರಿದ ರೆಕ್ಕೆ ಕೊಳೆತಕ್ಕೆ ಅದು ಬೇಕಾಗಬಹುದು. ಆದರೆ ಪಶುವೈದ್ಯರನ್ನು ಕೇಳಿ, ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಮುಂಜಾಗ್ರತೆಗೆ ಒಂದು ಚಿಟಿಕೆ ಅಂತ ಹಾಕುವುದರಿಂದ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಇನ್ನೊಂದು ವಿಷಯ, ಸಿಹಿನೀರಿನ ಮೀನು ನೀರು ಕುಡಿಯುವುದೇ ಬಹಳ ಕಡಿಮೆ. ಹೊಟ್ಟೆಯೊಳಗಿನ ಸೋಂಕಿಗೆ ನೀರಿಗೆ ಹಾಕಿದ ಮದ್ದು ಸರಿಯಾಗಿ ತಲುಪದೇ ಹೋಗಬಹುದು. ಮೀನು ಇನ್ನೂ ತಿನ್ನುತ್ತಿದ್ದರೆ ಆಹಾರದಲ್ಲಿ ಬೆರೆಸಿ ಕೊಡುವುದೇ ಒಳ್ಳೆಯದು, ಫಿಲ್ಟರಿಗೂ ಪೆಟ್ಟು ಕಡಿಮೆ. ತಿನ್ನುವುದು ನಿಲ್ಲಿಸಿದ ಮೇಲೆ ಆ ದಾರಿ ಮುಚ್ಚಿತು. ಅದಕ್ಕೇ ಮೊದಲ ದಿನವೇ ಗಮನಿಸಬೇಕು ಅನ್ನುವುದು.

ಯಾವ ಮದ್ದಾದರೂ ಅಳತೆಗೆ ಮೊದಲು ನೀರೆಷ್ಟು ಅಂತ ಲೆಕ್ಕ ಹಾಕಿ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಟ್ಯಾಂಕ್ ಲೆಕ್ಕದಲ್ಲಿ 54 ಲೀಟರ್. ಆದರೆ ನೀರು 26 ಸೆಂಟಿಮೀಟರ್‌ವರೆಗೆ ಮಾತ್ರ ಇದ್ದರೆ 47 ಲೀಟರೂ ಇಲ್ಲ. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. 54ರ ಲೆಕ್ಕದಲ್ಲಿ ಹಾಕಿದರೆ ಮೀನಿಗೆ ಅಳತೆ ಮೀರಿ ಹೋಗುತ್ತದೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡಿ, ಅದು ಮದ್ದನ್ನೆಲ್ಲ ಹೀರಿಬಿಡುತ್ತದೆ. ಮುಗಿದ ಮೇಲೆ ಅದೇ ಇದ್ದಿಲು ಉಪಕಾರಿ. ಎರಡು ಮದ್ದನ್ನು ಒಟ್ಟಿಗೆ ಬೆರೆಸಬೇಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನೀರು ಬದಲಿಸಿ, ಹೊಸ ಇದ್ದಿಲು ಹಾಕಿ, ಒಂದು ದಿನ ಬಿಡಿ.

ಬೇರೆ ಟ್ಯಾಂಕಾ, ಇದ್ದಲ್ಲೇನಾ

20 ಲೀಟರಿನ ಸಣ್ಣ ಟ್ಯಾಂಕ್ ಅಥವಾ ಶುದ್ಧ ಪ್ಲಾಸ್ಟಿಕ್ ಡಬ್ಬ, ಒಂದು ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಒಂದು ಪೈಪಿನ ತುಂಡು. ಮರಳು ಬೇಡ, ಗಿಡ ಬೇಡ. ಇದಕ್ಕೆ ಒಮ್ಮೆ ಆಗುವ ಖರ್ಚು ಪ್ರತಿ ಸಲ ಔಷಧಿಯಲ್ಲಿ ಉಳಿಯುತ್ತದೆ. 20 ಲೀಟರಿಗೆ ಬೇಕಾದ ಮದ್ದು 200 ಲೀಟರಿಗೆ ಬೇಕಾದುದರ ಹತ್ತನೇ ಒಂದು ಭಾಗ ತಾನೇ.

ಗಾಯ, ರೆಕ್ಕೆ ಕೊಳೆತ, ಬೂಷ್ಟು, ಡ್ರಾಪ್ಸಿ ಬಂದ ಮೀನನ್ನು ಬೇರೆ ಮಾಡುವುದೇ ಸರಿ. ಇಕ್, ವೆಲ್ವೆಟ್, ಫ್ಲೂಕ್, ಕಮಲಾನಸ್ ಹಾಗಲ್ಲ. ಚುಕ್ಕೆ ಇರುವ ಒಂದನ್ನು ಎತ್ತಿದರೂ ಉಳಿದವು ಆಗಲೇ ಅಂಟಿಸಿಕೊಂಡಿರುತ್ತವೆ. ಇಡೀ ಟ್ಯಾಂಕಿಗೇ ಚಿಕಿತ್ಸೆ ಬೇಕು. ಟ್ಯಾಂಕಿನಲ್ಲಿ ಸಿಗಡಿ ಇದ್ದರೆ ಅಡ್ಡದಾರಿ ಒಂದಿದೆ. ಎಲ್ಲ ಮೀನುಗಳನ್ನೂ ಚಿಕಿತ್ಸೆಯ ಟ್ಯಾಂಕಿಗೆ ಹಾಕಿ, ಮುಖ್ಯ ಟ್ಯಾಂಕನ್ನು ಸಿಗಡಿ, ಗಿಡಗಳ ಜೊತೆ ಮೀನಿಲ್ಲದೆ ಎರಡು ವಾರ ಬೆಚ್ಚಗೆ ಬಿಡಿ. ಮೀನು ಸಿಗದೆ ಇಕ್ ತಾನಾಗಿ ಸಾಯುತ್ತದೆ.

ಬೇರೆ ಟ್ಯಾಂಕಿನ ತೊಂದರೆಯೂ ಹೇಳಲೇಬೇಕು. ಅದರ ಫಿಲ್ಟರ್ ಪಳಗಿಲ್ಲದಿದ್ದರೆ, ಅಂದರೆ ಬ್ಯಾಕ್ಟೀರಿಯಾ ನೆಲೆ ಊರಿಲ್ಲದಿದ್ದರೆ, ಎರಡೇ ದಿನದಲ್ಲಿ ಅಮೋನಿಯಾ ಏರುತ್ತದೆ. ದಿನಾ ಕಾಲು ಭಾಗ ಅಥವಾ ಅರ್ಧ ನೀರು ಬದಲಿಸಿ, ಬದಲಿಸಿದಷ್ಟಕ್ಕೆ ಮಾತ್ರ ಮದ್ದು ಹಾಕಬೇಕು. ಹೆದರಿದ ಸಣ್ಣ ಮೀನನ್ನು ಬಲೆಯಲ್ಲಿ ಅಟ್ಟಾಡಿಸುವುದೂ ಒಂದು ಪೆಟ್ಟೇ. ಲೈಟ್ ಆರಿಸಿ, ಬಲೆಗಿಂತ ಸಣ್ಣ ಡಬ್ಬದಲ್ಲಿ ನೀರಿನ ಸಮೇತ ಎತ್ತಿ.

ಏನೂ ಮಾಡದಿರುವುದು, ಬಿಟ್ಟುಕೊಡುವುದು

ಲಿಂಫೋಸಿಸ್ಟಿಸ್ ಅನ್ನುವ ವೈರಸ್ ಹೂಕೋಸಿನಂಥ ಗಂಟುಗಳನ್ನು ತರುತ್ತದೆ. ಅದಕ್ಕೆ ಮದ್ದಿಲ್ಲ, ನೀರು ಚೆನ್ನಾಗಿದ್ದರೆ ಬಹಳ ಸಲ ತಾನೇ ಹೋಗುತ್ತದೆ. ದಪ್ಪ ಹೊಟ್ಟೆಯ ಗೋಲ್ಡ್ ಫಿಶ್ ತಿಂದ ಮೇಲೆ ತಲೆಕೆಳಗಾದರೆ ಎರಡು ಮೂರು ದಿನ ಉಪವಾಸ ಹಾಕಿ, ಆಮೇಲೆ ಸಿಪ್ಪೆ ತೆಗೆದ ಬೇಯಿಸಿದ ಬಟಾಣಿ ಕೊಟ್ಟು ನೋಡಿ.

ನಿಯಾನ್ ಟೆಟ್ರಾದ ಬಣ್ಣದ ಗೆರೆ ನಡುವೆ ಮಾಸಿ, ಮಾಂಸ ಬಿಳಿಚಿ, ಬೆನ್ನು ಬಾಗುವ ನಿಯಾನ್ ರೋಗಕ್ಕೂ ಚಿಕಿತ್ಸೆಯಿಲ್ಲ. ಮೀನನ್ನು ಬೇರೆ ಮಾಡಿ, ಸತ್ತ ಮೀನನ್ನು ಇತರ ಮೀನುಗಳು ತಿನ್ನದಂತೆ ನೋಡಿಕೊಳ್ಳಿ. ತಿಂದರೂ ಸೊರಗುತ್ತಾ, ಬೆನ್ನು ಬಾಗುತ್ತಾ ಒಂದೊಂದಾಗಿ ಸಾಯುತ್ತಿದ್ದರೆ ಮೀನಿನ ಕ್ಷಯ ಇರಬಹುದು. ಅದರ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ಮನುಷ್ಯರಿಗೂ ಬರುತ್ತದೆ. ಗಾಯವಿದ್ದಾಗ ಟ್ಯಾಂಕಿಗೆ ಬರಿಗೈ ಹಾಕಬೇಡಿ, ಪೈಪನ್ನು ಬಾಯಿಂದ ಎಳೆಯಬೇಡಿ. ಟ್ಯಾಂಕ್ ಕೆಲಸ ಮಾಡಿದ ಕೈಯಲ್ಲಿ ವಾಸಿಯಾಗದ ಗಂಟು ಬಂದರೆ ವೈದ್ಯರಿಗೆ ಮೀನು ಸಾಕುವ ವಿಷಯವನ್ನೂ ಹೇಳಿ.

ಹುರುಪೆ ಪೂರ್ತಿ ಎದ್ದ ಡ್ರಾಪ್ಸಿಯಿಂದ ಬದುಕಿದ ಮೀನು ಅಪರೂಪ. ನರಳುವುದನ್ನು ನೋಡುತ್ತಾ ಕೂರುವುದಕ್ಕಿಂತ ನೋವಿಲ್ಲದೆ ಕಳಿಸಿಕೊಡುವುದೂ ಒಂದು ಆರೈಕೆ ಅಂತ ನಾನು ನಂಬಿದ್ದೇನೆ. ಲವಂಗದ ಎಣ್ಣೆಯನ್ನು ಸ್ವಲ್ಪ ನೀರಿನಲ್ಲಿ ಜೋರಾಗಿ ಕುಲುಕಿ, ಟ್ಯಾಂಕಿನ ನೀರಿರುವ ಪಾತ್ರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಿದರೆ ಮೀನು ಮೊದಲು ಮಂಪರಿಗೆ ಹೋಗುತ್ತದೆ. ಆಮೇಲೆ ಇನ್ನಷ್ಟು ಹಾಕಬೇಕು. ಕಿವಿರು ನಿಂತ ಮೇಲೂ ಕಡಿಮೆಯೆಂದರೆ ಹತ್ತು ನಿಮಿಷ ಅಲ್ಲೇ ಬಿಡಿ.

ನಿಮಗೆ ಯಾವುದು

ಒಂದೇ ಟ್ಯಾಂಕ್, ಹೊಸದಾಗಿ ಶುರು ಮಾಡಿದವರು, ಕೈಯಲ್ಲಿ ಹಣ ಕಡಿಮೆ ಅಂದರೆ ಔಷಧಿ ಕೊಳ್ಳುವ ಮುಂಚೆ ಅಮೋನಿಯಾ, ನೈಟ್ರೈಟ್ ಅಳೆಯುವ ಕಿಟ್ ಕೊಳ್ಳಿ. ಎರಡನೆಯ ಖರ್ಚು ಕ್ಲೋರಿನ್ ತೆಗೆಯುವ ದ್ರಾವಣ, ಮೂರನೆಯದು ಏರ್ ಪಂಪ್. ಇವಿಷ್ಟು, ಜೊತೆಗೆ ಉಪ್ಪು ಇದ್ದರೆ ಹೆಚ್ಚಿನ ಸಂದರ್ಭಗಳನ್ನು ದಾಟಬಹುದು. ಗಿಡ, ಸಿಗಡಿಗಳಿಂದ ತುಂಬಿದ ಟ್ಯಾಂಕ್ ಇರುವವರಿಗೆ ಎರಡನೆಯ ಟ್ಯಾಂಕ್ ಬೇಕೇ ಬೇಕು, ಏಕೆಂದರೆ ನಿಮ್ಮ ನೀರಿಗೆ ಹಾಕಬಹುದಾದ ಮದ್ದು ಬಹಳ ಕಡಿಮೆ. ದಿನಾ ಸಮಯ ಕೊಡಲಾಗದವರು ಇಕ್‌ಗೆ ಉಪ್ಪು, ಬಿಸಿಗಿಂತ ಲೇಬಲ್ಲಿನ ಪ್ರಕಾರ ಮದ್ದನ್ನೇ ಆರಿಸಿಕೊಳ್ಳುವುದು ವಾಸಿ. ಹೊಸ ಮೀನು ತರುತ್ತಲೇ ಇರುವವರು ಅದೇ ಸಣ್ಣ ಟ್ಯಾಂಕಿನಲ್ಲಿ ಪ್ರತಿ ಹೊಸ ಮೀನನ್ನೂ ಎರಡರಿಂದ ನಾಲ್ಕು ವಾರ ಇಟ್ಟು ನೋಡಿದರೆ, ಮೇಲೆ ಬರೆದ ಅರ್ಧ ರೋಗಗಳು ಮುಖ್ಯ ಟ್ಯಾಂಕಿನ ಹೊಸ್ತಿಲು ದಾಟುವುದಿಲ್ಲ.

ಆ ಸಣ್ಣ ಟ್ಯಾಂಕನ್ನು ವರ್ಷವಿಡೀ ನೀರು ತುಂಬಿಸಿ ಇಡಬೇಕಾಗಿಲ್ಲ. ನನ್ನದು ಒಣಗಿಸಿ ಮೇಲೆ ಇಟ್ಟಿರುತ್ತೇನೆ. ಅದರ ಸ್ಪಾಂಜ್ ಮಾತ್ರ ಮುಖ್ಯ ಟ್ಯಾಂಕಿನ ಫಿಲ್ಟರ್ ಪಕ್ಕದಲ್ಲಿ, ಗಿಡಗಳ ಹಿಂದೆ, ಗುಳ್ಳೆ ಬಿಡುತ್ತಾ ಸದಾ ಓಡುತ್ತಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದೆ, ಬ್ಯಾಕ್ಟೀರಿಯಾ ತುಂಬಿಕೊಂಡಿದೆ. ಮೀನು ಮಂಕಾದ ದಿನ ಮುಖ್ಯ ಟ್ಯಾಂಕಿನದೇ ನೀರು ತುಂಬಿ ಆ ಸ್ಪಾಂಜನ್ನು ಅಲ್ಲಿಗೆ ಇಳಿಸಿದರೆ ಹತ್ತು ನಿಮಿಷದಲ್ಲಿ ಪಳಗಿದ ಟ್ಯಾಂಕ್ ಸಿದ್ಧ. ಚಿಕಿತ್ಸೆ ಮುಗಿದ ಮೇಲೆ ಹಳೆಯ ಸ್ಪಾಂಜನ್ನು ಎಸೆದು, ಹೊಸದೊಂದನ್ನು ಅದೇ ಜಾಗದಲ್ಲಿ ಇಡುತ್ತೇನೆ.